ನಾದಿನಿಯ ಮನೆ ಮುಂದೆ ನಿಂತ ಗಾಡಿ

ದಾನೇಶ್ವರಿ ಮುದ್ದೇಬಿಹಾಳಕ್ಕೆ ಸೊಸೆಯಾಗಿ ಬಂದು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ವಿಜಯಪುರದ ಗೋಳಗುಮ್ಮಟದ ಒಳಗೆ ಕಾಲಿಟ್ಟಿರಲಿಲ್ಲ. ಎರಡು ತಾಸಿನ ದಾರಿ. ಎಲ್ಲೆಲ್ಲಿಂದಲೋ ಜನ ಬಂದು ಅದರೊಳಗೆ ಕೂಗಿ, ತಮ್ಮ ದನಿ ತಾವೇ ಏಳು ಸಲ ಕೇಳಿಕೊಂಡು ಹೋಗುತ್ತಾರೆ. ಇವಳಿಗೆ ಮಾತ್ರ ಅದು ಯಾವಾಗಲೋ ದವಾಖಾನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಂಡ ಗುಮ್ಮಟ. ಇದಕ್ಕೆ ಕಾರಣ ದೂರವೂ ಅಲ್ಲ, ಬಡತನವೂ ಅಲ್ಲ. ಕಾರಣ ಅವಳ ನಾದಿನಿಯರು.

ಗಂಡ ಗುರಪ್ಪನಿಗೆ ಇಬ್ಬರು ತಂಗಿಯರು. ಜಯಮಾಲಾಳನ್ನು ಬಸವನ ಬಾಗೇವಾಡಿಗೆ ಕೊಟ್ಟಿತ್ತು, ಬಾಳಮ್ಮನನ್ನು ಸಿಂದಗಿಗೆ. ವಿಜಯಪುರಕ್ಕೆ ಹೊರಟರೆ ಬಾಗೇವಾಡಿ ಅಡ್ಡ ಬರುತ್ತಿತ್ತು, ಪಂಢರಪುರಕ್ಕೆ ಹೊರಟರೆ ಸಿಂದಗಿ. ತಂಗಿ ಇರುವ ಊರಿನ ಮೇಲೆ ಹಾಯುವಾಗ ಅವಳ ಮನೆಯಲ್ಲಿ ಉಣ್ಣದೆ, ಒಂದು ರಾತ್ರಿಯಾದರೂ ಮಲಗದೆ ಮುಂದೆ ಹೋದರೆ ಈ ಕಡೆ ಅದಕ್ಕೆ ಕ್ಷಮೆಯಿಲ್ಲ. ಅಂಥ ಒಂದು ಊಟ ತಪ್ಪಿದ್ದಕ್ಕೆ ಹದಿನೈದು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಅವಳ ಓಣಿಯಲ್ಲೇ ಇದ್ದರು. ಗುರಪ್ಪನಂತೂ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಸ್ಟಾಪು ಬಂತೆಂದರೆ ನಿಲ್ಲಿಸಿಯೇ ರೂಢಿ.

ನಿಲ್ಲಿಸಿದ ಮೇಲೆ ಆಗುತ್ತಿದ್ದದ್ದು ಇಷ್ಟು. "ವೈನಿ ಬಂದ್ರು, ವೈನಿ ಬಂದ್ರು" ಎಂದು ನಾದಿನಿಯರು ಓಡಿ ಬಂದು ಅತ್ತಿಗೆಯ ಕೈಯಿಂದ ಚೀಲ ಇಸಿದುಕೊಳ್ಳುತ್ತಿದ್ದರು, ಆ ಕೈಗೇ ಹಿಟ್ಟಿನ ಪರಾತ ಕೊಡುತ್ತಿದ್ದರು. "ನಿಮ್ಮ ಕೈಯಾಗಿನ ರೊಟ್ಟಿ ನಮಗ ಬರಂಗಿಲ್ರಿ ವೈನಿ, ಎಷ್ಟ ತೆಳ್ಳಗ!" ಎಂಬ ಒಂದು ಹೊಗಳಿಕೆಗೆ ಅರವತ್ತು ರೊಟ್ಟಿ ಬಡಿಯಬೇಕು. ಬಾಳಮ್ಮನ ಗಂಡನದು ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ. ಮನೆ ತುಂಬ ಜನ, ಜನರ ಮೇಲೆ ಜನ. ಒಲೆಯ ಮುಂದೆ ಕೂತ ದಾನೇಶ್ವರಿಗೆ ಪಡಸಾಲೆಯಿಂದ ಬಾಳಮ್ಮನ ನಗು ಕೇಳುತ್ತಿತ್ತು. ಅಣ್ಣನ ಎದುರಿಗೆ ಕಾಲು ಚಾಚಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಮಹಾರಾಣಿಯ ಹಾಗೆ ನಗುತ್ತಿದ್ದಳು. ದಾನೇಶ್ವರಿಗೆ ಮಲಗಲು ಜೋಳದ ಚೀಲಗಳ ಕೋಣೆ. ಒಮ್ಮೆ ಪಂಢರಪುರಕ್ಕೆಂದು ಹೊರಟವರು ಸಿಂದಗಿಯಲ್ಲಿ ನಾಲ್ಕು ದಿನ ನಿಂತು, ವಿಠ್ಠಲನ ಮುಖ ಕಾಣದೆ ತಿರುಗಿ ಬಂದಿದ್ದರು. ಆ ನಾಲ್ಕೂ ದಿನ ಅವಳು ಕಂಡದ್ದು ಹಂಚಿನ ಮುಖ.

ಹೋದ ವರ್ಷ ಅವಳು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದಳು. ಯಾರೋ ಗಂಡ ಹೆಂಡತಿ ಹಳೆಯ ವ್ಯಾನಿನ ಹಿಂದೆ ಹಾಸಿಗೆ ಹಾಸಿಕೊಂಡು ಊರೂರು ತಿರುಗುತ್ತಿದ್ದರು. ಹೊಳೆ ದಂಡೆಗೆ ನಿಲ್ಲಿಸಿ ಚಹಾ ಕಾಸಿಕೊಂಡರು, ಕುಡಿದರು, ಬಾಗಿಲು ಹಾಕಿಕೊಂಡು ಮಲಗಿದರು. ದಾನೇಶ್ವರಿ ಅದನ್ನು ಹನ್ನೊಂದು ಸಲ ನೋಡಿದಳು. ಹೊಳೆಗಾಗಿ ಅಲ್ಲ, ಚಹಾಕ್ಕಾಗಿಯೂ ಅಲ್ಲ. ಒಳಗಿನಿಂದ ಹಾಕಿಕೊಳ್ಳುವ ಆ ಬಾಗಿಲಿಗಾಗಿ.

"ಒಂದ ಹಳೇ ಗಾಡಿ ತಗೊಳ್ಳೂನ್ರಿ," ಎಂದಳು ಗಂಡನಿಗೆ. "ಹಿಂದ ಹಾಸಿಗಿ ಹಾಸೂವಂಥಾದ್ದು. ನಾ ಮಂದಿ ಜಂಪರ ಹೊಲಿದು ಕೂಡಿಸಿದ್ದ ರೊಕ್ಕ ಐತಿ. ನೀವ ಹೊಡೀರಿ, ಅಷ್ಟ."

ಗುರಪ್ಪ ಉಣ್ಣುತ್ತಿದ್ದ ತುತ್ತು ಕೈಯಲ್ಲೇ ಹಿಡಿದು ನೋಡಿದ. "ಹಾದ್ಯಾಗ ನಮ್ಮವರ ಮನಿ ಇದ್ದಾಗ ಗಾಡ್ಯಾಗ ಮಲಗೂದಂದ್ರ ಏನ ಅರ್ಥ? ಬಾಳಮ್ಮ ಸತ್ತಾಳೇನು?"

"ಸತ್ತಿಲ್ಲ. ಅದ ನನ್ನ ತ್ರಾಸು."

ಆಮೇಲೆ ಒಂದು ತಿಂಗಳು ಆ ಮನೆಯಲ್ಲಿ ಮಾತು ಬಂದ್. ಗೋಡೆಗೆ ಹೇಳಿದಂತೆ "ಊಟಾ ಆತು" ಎನ್ನುವುದು, ಬಾಗಿಲಿಗೆ ಹೇಳಿದಂತೆ "ಹೊರಗ ಹೊಂಟೇನಿ" ಎನ್ನುವುದು. ತಿಂಗಳು ತುಂಬಿದ ಮೇಲೆ ಗುರಪ್ಪ ತಾನಾಗಿಯೇ, "ಇಂಡಿ ಊರಾಗ ಒಂದ ಗಾಡಿ ಐತಂತ, ಬಾ, ನೋಡಿ ಬರೂನು" ಎಂದ. ಇಷ್ಟು ಸುಲಭವಾಗಿ ಬಗ್ಗುವ ಆಸಾಮಿ ಅವನಲ್ಲ. ದಾನೇಶ್ವರಿಗೆ ಅಲ್ಲಿಯೇ ಸಂಶಯ ಬಂತು. ಆದರೆ ಗಾಡಿ ಎಂಬ ಮಾತು ಕೇಳಿದ ಕಿವಿ ಬೇರೆ ಏನೂ ಕೇಳಲು ತಯಾರಿರಲಿಲ್ಲ.

ಗಾಡಿ ಇಬ್ರಾಹಿಂಸಾಬನದು. ವಾರದ ಸಂತೆಗಳಿಗೆ ಬಟ್ಟೆ ಒಯ್ದು ಮಾರುತ್ತಿದ್ದ ಮನುಷ್ಯ. ಊರಿಂದೂರಿಗೆ ಹೋಗುತ್ತ ಗಾಡಿಯಲ್ಲೇ ಮಲಗುತ್ತಿದ್ದ. ಈಗ ಮೊಣಕಾಲು ಹಿಡಿದುಕೊಂಡು ಮನೆ ಸೇರಿದ್ದ. ಗಾಡಿಯ ಹಿಂದೆ ಹಲಗೆಯ ಮಂಚ, ಅದರ ಕೆಳಗೆ ಬಟ್ಟೆ ಗಂಟು ಇಡುವ ಪೆಟ್ಟಿಗೆ, ಮೂಲೆಯಲ್ಲಿ ಅಂಗೈ ಅಗಲದ ಕನ್ನಡಿ, ಕಿಟಕಿಗೆ ಹೂವಿನ ಚಿತ್ತಾರದ ಪರದೆ. ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಚಿಲಕ. ದಾನೇಶ್ವರಿ ಒಳಗೆ ಹತ್ತಿ ಆ ಚಿಲಕವನ್ನು ಮೂರು ಸಲ ಹಾಕಿದಳು, ಮೂರು ಸಲ ತೆಗೆದಳು. ಹೊರಗೆ ಗುರಪ್ಪ ಎಂಜಿನ್ನಿಗೆ ಕಿವಿಗೊಟ್ಟು, ಬೇಡವೆನ್ನಲು ಏನಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದ. ಏನೂ ಸಿಗಲಿಲ್ಲ. ಆ ಬೇಸರ ಅವನ ಮುಖದ ಮೇಲೆ ಎದ್ದು ಕಾಣುತ್ತಿತ್ತು.

"ಬಾಯಿಲೆ ವ್ಯಾಪಾರ ನನಗ ಬರಂಗಿಲ್ರಿ," ಎಂದ ಇಬ್ರಾಹಿಂಸಾಬ. "ಬಟ್ಟಿ ಮಾರೂಕಿಂತ ಮೊದಲ ಇಪ್ಪತ್ತ ವರ್ಷ ದನದ ದಲಾಲಿ ಮಾಡೇನಿ. ಕೈ ಕೊಡ್ರಿ ಇಲ್ಲೆ."

ಹೆಗಲ ಮೇಲಿನ ಟವೆಲ್ಲು ತೆಗೆದು ಇಬ್ಬರ ಕೈ ಮೇಲೂ ಹಾಸಿದ. ದನದ ಸಂತೆಯಲ್ಲಿ ಎತ್ತಿನ ಬೆಲೆ ಹೀಗೇ ಕುದುರುವುದು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಬೆರಳಿನ ನಡುಗಂಟು ಒತ್ತಿದರೆ ಅರ್ಧ. ಸುತ್ತ ನೂರು ಮಂದಿ ನಿಂತಿದ್ದರೂ ಬೆಲೆ ಆ ಎರಡು ಕೈಗಳಿಗಷ್ಟೇ ಗೊತ್ತು. ಟವೆಲ್ಲಿನ ಕೆಳಗೆ ನಡೆದದ್ದನ್ನು ಹೊರಗಿನವರ ಮುಂದೆ ಆಡಬಾರದು, ಅದು ದಲಾಲಿಗಳ ಕಟ್ಟಳೆ. ಗುರಪ್ಪ ಇದನ್ನೆಲ್ಲ ಬಲ್ಲ. ಬಲ್ಲವನಾದ್ದರಿಂದಲೇ ಇಷ್ಟು ದೂರ ಈ ಗಾಡಿಯನ್ನೇ ಹುಡುಕಿಕೊಂಡು ಬಂದಿದ್ದ.

ಎರಡು ನಿಮಿಷವೂ ಆಗಿರಲಿಲ್ಲ. ಇಬ್ರಾಹಿಂಸಾಬ ಕೈ ಕಿತ್ತುಕೊಂಡು ಟವೆಲ್ಲು ಝಾಡಿಸಿದ. "ನೀವು ಗಾಡಿ ತಗೊಳ್ಳಾಕ ಬಂದೀರೋ, ನನ್ನ ಮರ್ಯಾದಿ ತಗಿಯಾಕ ಬಂದೀರೋ?" ಎಂದವನೇ ಕುಂಟುತ್ತ ಮನೆಯೊಳಗೆ ಹೋದ. ಒಳಗೆ ಏನೋ ಒದರಾಡಿದ್ದು ಕೇಳಿಸಿತು. ತಿರುಗಿ ಬಂದು ಇವರಿಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತ.

ಗುರಪ್ಪ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದ. "ನೋಡಿದ್ಯಾ? ಆರ ಲಕ್ಷ ಕೇಳ್ತಾನ. ತಲಿ ಕೆಟ್ಟೈತಿ ಅವಂದು. ನಡಿ, ಹೋಗೂನು. ಸಿಂದಗ್ಯಾಗ ಇಳದು ಉಂಡ ಹೋಗೂನು."

ಗುರಪ್ಪ ಒಂದು ಸಂಗತಿ ಮರೆತಿದ್ದ. ಅವನ ಹೆಂಡತಿ ಲಚ್ಯಾಣದ ದನದ ದಲಾಲಿಯ ಮಗಳು. ಅಪ್ಪ ಊಟವಾದ ಮೇಲೆ ಪಂಚೆಯ ಕೆಳಗೆ ಮಗಳ ಬೆರಳು ಹಿಡಿದು, "ಹೇಳು, ಈಗ ಎಷ್ಟಾತು?" ಎಂದು ಆಡಿಸುತ್ತಿದ್ದ. ಹೆಣ್ಣುಮಕ್ಕಳಿಗೆ ಇದೆಲ್ಲ ಎಲ್ಲಿ ಗೊತ್ತು ಎಂದು ಗುರಪ್ಪ ಎಣಿಸಿದ್ದ. ಟವೆಲ್ಲಿನ ಕೆಳಗಿನದು ಅವಳಿಗೂ ಕಾಣಲಿಲ್ಲ ನಿಜ, ಆದರೆ ಮೇಲಿನ ಮುಖ ಕಂಡಿತ್ತು. ಹೆಚ್ಚು ಕೇಳಿದವನು ಸಿಟ್ಟಾಗುವುದಿಲ್ಲ, ನಗುತ್ತಾನೆ, ಇನ್ನೊಮ್ಮೆ ಬೆರಳು ಹಿಡಿಯುತ್ತಾನೆ. ಸಿಟ್ಟಾಗುವವನು ಕಡಿಮೆ ಬೆಲೆ ಕೇಳಿಸಿಕೊಂಡವನು.

"ನೀರ ಕುಡದ ಬರ್ತೇನಿ," ಎಂದು ಅವಳು ಇಬ್ರಾಹಿಂಸಾಬನ ಮನೆಯೊಳಗೆ ನಡೆದಳು.

ಒಳಗೆ ಅವನ ಹೆಂಡತಿ ಜೈತುನಬಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಕೊಡ ಅಲ್ಲೈತಿ. ಕುಡದ ಹೋಗು."

"ಗಾಡಿಗೆ ಎಷ್ಟ ಹೇಳಿದ್ರಿ ಅಕ್ಕಾರ?"

"ಮೂರು. ಕಡೀ ಮಾತು. ನಿನ್ನ ಗಂಡ ಅದಕ್ಕ ಒಂದ ಬೆರಳ ಹಿಡದಾನಂತ." ಈಗ ತಲೆ ಎತ್ತಿದಳು, ಕಣ್ಣಿನಲ್ಲಿ ಬೆಂಕಿ. "ಒಂದ! ಮೋಟರ ಸೈಕಲ್ ತಗೊಳ್ಳಾಕ ಬಂದೀರೇನು? ಇಲ್ಲಿತನಕ ಬಂದು ಮಂದೀನ ಚಾಷ್ಟಿ ಮಾಡ್ತೀರಿ?"

ದಾನೇಶ್ವರಿಯ ಕಿವಿ ಕಾದು ಕೆಂಪಾದವು. ಗಂಡ ಸುಳ್ಳು ಹೇಳಿದ್ದು ಇದೇ ಮೊದಲೇನೂ ಅಲ್ಲ. ಆದರೆ ಅವಳ ಅಪ್ಪನ ವಿದ್ಯೆಯನ್ನೇ ಅವಳ ಮೇಲೆ ತಿರುಗಿಸಿದ್ದು ಮೊದಲು. ಆ ಗಳಿಗೆಯಲ್ಲಿ ಗುರಪ್ಪ ಎದುರಿಗಿದ್ದರೆ ಕೊಡದ ನೀರು ಅವನ ತಲೆಯ ಮೇಲಿರುತ್ತಿತ್ತು.

"ಗಾಡಿ ಯಾರ ಹೆಸರಿಲೆ ಐತ್ರಿ?"

"ನನ್ನ ಹೆಸರಿಲೆ. ನನ್ನ ಬಂಗಾರ ಮಾರಿ ತಂದದ್ದು." ಜೈತುನಬಿ ಮೊರ ಕುಕ್ಕಿದಳು. "ಹನ್ನೆರಡ ವರ್ಷ ಅಂವ ಅದರಾಗ ಮಲಕ್ಕೊಂಡ, ನಾ ಇಲ್ಲೆ ಗ್ವಾಡಿ ನೋಡಕೋತ ಮಲಕ್ಕೊಂಡೆ. ಒಂದ ದಿನಾ ಬಾ ಅಂತ ಕರದಿಲ್ಲ. ಅದರ ಮಾರಿ ನೋಡಿದ್ರ ನನಗ ಬ್ಯಾನಿ ಬರ್ತೈತಿ."

"ಹಂಗಾರ ಕೈ ನೀವ ಕೊಡ್ರಿ. ಅವರು ಗಂಡಸರು ಹೊರಗ ಕುಂದರ್ಲಿ."

ಜೈತುನಬಿ ಅವಳನ್ನು ಮೇಲಿಂದ ಕೆಳಗಿನತನಕ ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಮುಂದೆ ಚಾಚಿದಳು. ಟವೆಲ್ಲು ಇರಲಿಲ್ಲ, ದಾನೇಶ್ವರಿ ತನ್ನ ಸೆರಗನ್ನೇ ಎರಡೂ ಕೈ ಮೇಲೆ ಹೊದಿಸಿದಳು. ಆ ಅಡುಗೆಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲ, ಮುಚ್ಚುವ ಅಗತ್ಯವೂ ಇರಲಿಲ್ಲ. ಆದರೂ ವ್ಯಾಪಾರಕ್ಕೆ ಒಂದು ರೀತಿ ಬೇಕಲ್ಲ.

ಪ್ರೀತಿಯ ವ್ಯಾಪಾರವೇನೂ ಅದು ಆಗಿರಲಿಲ್ಲ. ಹನ್ನೆರಡು ವರ್ಷ ಗಂಡನ ಬಾಯಿಂದ ಸಂತೆಯ ಕತೆ ಕೇಳಿ ಕೇಳಿ ಜೈತುನಬಿ ಅವನಿಗಿಂತ ಗಟ್ಟಿಯಾಗಿದ್ದಳು. ದಾನೇಶ್ವರಿ ಎರಡು ಬೆರಳು ಹಿಡಿದರೆ ಅವಳು ಮೂರನೆಯದನ್ನು ತಾನಾಗಿಯೇ ತುರುಕಿದಳು. ಇವಳು ಅದನ್ನು ಮಡಚಿದಳು. ಅವಳು ಉಗುರು ಊರಿದಳು. ಇವಳು ಬಿಡಲಿಲ್ಲ. ಇಬ್ಬರ ಮುಖದ ಮೇಲೂ ಬೆವರು. ಕೊನೆಗೆ ದಾನೇಶ್ವರಿ ಎರಡು ಬೆರಳು ಹಿಡಿದು, ಮೂರನೆಯದರ ನಡುಗಂಟು ಮುರಿಯುವಷ್ಟು ಒತ್ತಿ ಹಿಡಿದಳು. ಎರಡೂವರೆ.

"ನಿನ್ನ ಬೆರಳಿಗೆ ದಯಾ ಅನ್ನೂದಿಲ್ಲ," ಎಂದಳು ಜೈತುನಬಿ.

"ನಿಮ್ಮ ಉಗುರಿಗೂ ಇಲ್ರಿ."

"ಒಯ್ಯಿ. ನನ್ನ ಕಣ್ಣ ಮುಂದಿಂದ ಲಗೂನ ಒಯ್ಯಿ."

ಇಬ್ಬರೂ ಹೊರಗೆ ಬಂದರು. "ಗಾಡಿ ಹೋತು," ಎಂದು ಜೈತುನಬಿ ಗಂಡನಿಗೆ ಹೇಳಿ ಒಳಗೆ ಹೋದಳು. ದಾನೇಶ್ವರಿ ಗುರಪ್ಪನ ಎದುರು ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದಳು: "ಆರ ಕೇಳ್ತಾನ ಅಂದ್ರಲ್ಲ, ನಾ ಎರಡೂವರಿಗೆ ಮುಗಿಸಿ ಬಂದೆ. ನಿಮ್ಮ ಕೈಯಾಗ ಭಾಳ ತುಟ್ಟಿ ಆಗಿತ್ತು ನೋಡ್ರಿ."

ಗುರಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ಮುದ್ದೇಬಿಹಾಳದವರೆಗೆ ಅವನು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತು ಬಂದ.

ಹೆಸರು ಬದಲಿಸುವ ಕಾಗದಪತ್ರ ಮುಗಿಯಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ದಾನೇಶ್ವರಿ ಹಲಗೆಯ ಅಳತೆಗೆ ಒಂದು ಗಾದಿ ಹೊಲಿದಳು, ಒಂದೇ ಒಂದು ತಲೆದಿಂಬು ಹೊಲಿದಳು. ಗಾಡಿ ತರಲು ಹೋದ ದಿನ ಗಾದಿಯ ಸುರುಳಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಇಂಡಿಗೆ ಹೋದಳು. ಇಂಡಿಯಿಂದ ಹೊರಟಾಗ ಬೆಳಗಿನ ಹತ್ತು ಗಂಟೆ. ಅವಳು ಹೇಳಿದ್ದು ಇಷ್ಟೇ: ಎಲ್ಲಿಯೂ ನಿಲ್ಲಿಸಬಾರದು, ಆಲಮಟ್ಟಿಯ ಹಿನ್ನೀರಿನ ದಂಡೆಗೆ ಹೋಗಬೇಕು, ಅಲ್ಲಿ ಬಾಗಿಲು ಹಾಕಿಕೊಂಡು ಹೊತ್ತು ಇಳಿಯುವವರೆಗೆ ಮಲಗಬೇಕು. ಇಪ್ಪತ್ತೊಂಬತ್ತು ವರ್ಷದ ನಿದ್ದೆ ಬಾಕಿ ಇತ್ತು. ಗುರಪ್ಪ ಹೂಂ ಎಂದಿದ್ದ.

ಸಿಂದಗಿಯ ಸರ್ಕಲ್ಲಿಗೆ ಬರುತ್ತಲೇ ಅವನು ಸ್ಟೇರಿಂಗ್ ತಿರುಗಿಸಿದ. ಎರಡು ಓಣಿ ದಾಟಿ ಬಾಳಮ್ಮನ ಮನೆಯ ಮುಂದೆ ಗಾಡಿ ನಿಂತಿತು.

"ಹತ್ತ ಮಿನಿಟು. ಚಾ ಕುಡದ ಹೋಗೂನು."

ಕಟ್ಟೆಯ ಮೇಲೆ ಆಗಲೇ ಮನೆಮಂದಿಯೆಲ್ಲ ನಿಂತಿದ್ದರು. ಫೋನು ಹೋಗಿತ್ತು ಎಂಬುದು ಸ್ಪಷ್ಟ. ಬಾಳಮ್ಮನ ಅತ್ತೆ ಮುಂದೆ, ಬಾಳಮ್ಮ ಅವಳ ಹಿಂದೆ. ದಾನೇಶ್ವರಿ ಅವರನ್ನು ನೋಡಿದಳು, ಸೀಟಿನ ನಡುವಿನ ಸಂದಿಯಿಂದ ಹಿಂದಕ್ಕೆ ದಾಟಿದಳು, ಮಂಚದ ಕೆಳಗಿನ ಪೆಟ್ಟಿಗೆಯನ್ನು ಆ ಸಂದಿಗೆ ಅಡ್ಡ ಎಳೆದಳು, ಪರದೆ ಎಳೆದಳು, ಚಿಲಕ ಹಾಕಿದಳು, ಹೊಸ ಗಾದಿಯ ಮೇಲೆ ಉದ್ದಕ್ಕೆ ಕಾಲು ಚಾಚಿದಳು.

ಗುರಪ್ಪ ಇಳಿದು ಬಂದು ಬಾಗಿಲು ಬಡಿದ. "ಇಳೀತಿಯೋ ಇಲ್ಲೋ?"

"ನಾ ನನ್ನ ಮನ್ಯಾಗ ಅದೇನ್ರಿ. ನೀವ ನಿಮ್ಮ ತಂಗಿ ಮನಿಗೆ ಹೋಗ್ರಿ."

"ಓಣಿ ಮಂದಿ ನೋಡಾಕತ್ತಾರ."

"ನೋಡ್ಲಿ. ಟಿಕೆಟ್ ಇಲ್ಲಲ್ಲ."

"ಕೀಲಿ ನನ್ನ ಕೈಯಾಗ ಐತಿ, ನೆನಪಿಟ್ಕೊ. ನಾ ಹೊಡದ್ರ ಗಾಡಿ ಹೋಗತೈತಿ."

"ಚಿಲಕ ನನ್ನ ಕೈಯಾಗ ಐತಿ. ನಾ ತಗದ್ರ ಬಾಗಿಲ ತಗೀತೈತಿ."

ಬಾಳಮ್ಮನ ಅತ್ತೆ ಕಟ್ಟೆಯಿಂದಲೇ ಶುರುಮಾಡಿದಳು. "ಬೀಗರ ಮನಿ ಮುಂದ ಬಂದು, ಗಾಡ್ಯಾಗ ಹಾಸಿಗಿ ಹಾಸಿ ಮಲಗೂದಂದ್ರ? ನಮ್ಮ ಮನ್ಯಾಗ ಜಾಗಾ ಇರಲಿಲ್ಲೇನು? ಅನ್ನ ಇರಲಿಲ್ಲೇನು? ಗುರಪ್ಪ, ನಿನ್ನ ಹೇಣ್ತಿ ನಮ್ಮ ಮಾರಿಗೆ ಉಗುಳಿದ್ಲಪಾ ಇವತ್ತು!" ಅಕ್ಕಪಕ್ಕದ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಗುರಪ್ಪ ಒಮ್ಮೆ ಬೈದ, ಒಮ್ಮೆ ಗೋಗರೆದ, ಕೊನೆಗೆ ಗಾಡಿಯ ತಗಡಿಗೊಂದು ಗುದ್ದಿ ಒಳಗೆ ಹೋದ. ದಾನೇಶ್ವರಿ ಎಲ್ಲವನ್ನೂ ಮಲಗಿಕೊಂಡು ಕೇಳಿದಳು. ಜೋಳದ ಚೀಲಗಳ ಕೋಣೆಯಲ್ಲಿ ಕಳೆದ ಒಂದೊಂದು ರಾತ್ರಿಗೂ ಬಡ್ಡಿ ಬಂದಷ್ಟು ಸುಖವಾಯಿತು ಅವಳಿಗೆ. ನಾಚಿಕೆ ಒಂದಿಷ್ಟೂ ಆಗಲಿಲ್ಲ.

ಗದ್ದಲ ತಣ್ಣಗಾಯಿತು. ಸ್ವಲ್ಪ ಹೊತ್ತಿಗೆ ಕಿಟಕಿಯ ಹೊರಗೆ ಬಳೆಯ ಸದ್ದು. ಪರದೆಯ ಕೆಳಗಿನಿಂದ ಒಂದು ಕೈ ಒಳಗೆ ಬಂತು, ಕೈಯಲ್ಲಿ ಚಹಾದ ಲೋಟ.

"ವೈನಿ, ಚಾ."

ಬಾಳಮ್ಮ. ದಾನೇಶ್ವರಿ ಲೋಟ ತೆಗೆದುಕೊಳ್ಳಲಿಲ್ಲ. "ರೊಟ್ಟಿ ಬಡ್ಯಾಕ ಕರ್ಯಾಕ ಬಂದ್ಯೇನು?"

"ಇಲ್ರಿ. ಹಿಟ್ಟ ನಾನ ಕಲಸೇನಿ."

ಕೈ ಅಲ್ಲಿಯೇ ನಿಂತಿತ್ತು. ಮಣಿಕಟ್ಟಿನಿಂದ ಮೊಣಕೈಯವರೆಗೆ ಹಂಚು ತಾಗಿ ಸುಟ್ಟ ಕಲೆಗಳು, ಹಳೆಯವು, ಹೊಸವು, ಒಂದರ ಮೇಲೊಂದು. ದಾನೇಶ್ವರಿಯ ಕೈಯಲ್ಲಿ ಅಂಥವು ಆರೋ ಏಳೋ ಇದ್ದವು. ಇಷ್ಟು ವರ್ಷ ಈ ನಾದಿನಿಯ ನಗುವನ್ನಷ್ಟೇ ಕೇಳಿದ್ದಳು, ಕೈಯನ್ನು ನೋಡಿರಲಿಲ್ಲ. ನೋಡಿದ್ದಕ್ಕೆ ಈಗ ಇನ್ನಷ್ಟು ಸಿಟ್ಟು ಬಂತು.

"ಈ ಮನ್ಯಾಗ ನೀವ ಬಂದ ದಿನಾ ಅಷ್ಟ ನಾ ಕುಂದರತಿದ್ದೆ ವೈನಿ," ಎಂದಳು ಬಾಳಮ್ಮ, ಮೆಲ್ಲಗೆ.

"ಗೊತ್ತೈತಿ. ನನ್ನ ಬೆನ್ನ ಮ್ಯಾಲ ಕುಂದರತಿದ್ದಿ."

ಒಳಗಿನಿಂದ ಬಾಳಮ್ಮನ ಅತ್ತೆ, "ಬಾಳಮ್ಮಾ, ಹಂಚ ಕಾದ ಹೊಗಿ ಏಳಾಕತ್ತೈತಿ" ಎಂದು ಕೂಗಿದಳು. ಬಾಳಮ್ಮ ಹಿಂದೆ ತಿರುಗಿದ ರಭಸಕ್ಕೆ ಚಹಾ ಗಾದಿಯ ಮೇಲೆ ಒಂದು ಹನಿ ಚೆಲ್ಲಿತು. ಆದರೂ ಅವಳು ಹೋಗಲಿಲ್ಲ.

"ವೈನಿ, ಅದರಾಗ ಎಷ್ಟ ಮಂದಿ ಮಲಗಬೌದು?"

"ಒಬ್ರು," ಎಂದಳು ದಾನೇಶ್ವರಿ.

ಲೋಟ ಕಿಟಕಿಯ ಕಟ್ಟಿನ ಮೇಲೆ ಉಳಿಯಿತು. ಕೈ ಹೊರಗೆ ಹೋಯಿತು. ಬಳೆಯ ಸದ್ದು ಕಟ್ಟೆ ಹತ್ತಿ ಮನೆಯೊಳಗೆ ಹೋಯಿತು.

ಬೇಕಾದ್ದು ಸಿಕ್ಕಿತ್ತು: ಒಂದು ಹಾಸಿಗೆ, ಒಂದು ದಿಂಬು, ಒಂದು ಚಿಲಕ, ಎದುರಿಗೆ ಸೋತ ನಾದಿನಿ. ದಾನೇಶ್ವರಿ ಕಣ್ಣು ಮುಚ್ಚಿದಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಬೇಡವೆಂದರೂ ಅವಳ ಕಿವಿ ರೊಟ್ಟಿ ಎಣಿಸಿತು. ಎಂಟು, ಒಂಬತ್ತು. ಬಡಿತ ನಡುನಡುವೆ ತಪ್ಪುತ್ತಿತ್ತು. ಬಲಗೈಯ ಮಣಿಕಟ್ಟು ನೋಯುವಾಗ ಹಾಗಾಗುತ್ತದೆ, ಅದು ಅವಳಿಗೆ ಗೊತ್ತು. ಹದಿನಾರು, ಹದಿನೇಳು. ಗುರಪ್ಪನ ನಗು ಪಡಸಾಲೆಯಿಂದ ಕೇಳಿಸಿತು. ಇಪ್ಪತ್ತೆರಡಕ್ಕೆ ಅವಳು ಎದ್ದು ಕೂತಳು. ಆರಿದ ಚಹಾ ಕುಡಿದಳು. "ಸುಡುಗಾಡು" ಎಂದು ಯಾರಿಗೋ ಬೈದಳು.

ಆಮೇಲೆ ಕೈ ಚಾಚಿ ಬಾಗಿಲಿನ ಚಿಲಕ ತೆಗೆದಳು. ಬಾಳಮ್ಮನನ್ನು ಕರೆಯಲು ಹೋಗಲಿಲ್ಲ, ಬರುವುದಿದ್ದರೆ ತಾನೇ ಬರಲಿ. ಗಾದಿಯ ಒಂದು ಅಂಚಿಗೆ ಸರಿದು, ಬಾಗಿಲಿಗೆ ಬೆನ್ನು ಮಾಡಿ ಮಲಗಿದಳು.